ಚದರಡಿಗೆ ಹನ್ನೆರಡು ರೂಪಾಯಿ

ನೆಲ ನಡುಗಿದ್ದು ಮಂಗಳವಾರ, ಸಮುದ್ರದಾಚೆ.
ಅರಸೀಕೆರೆಗೆ ಸುದ್ದಿ ಬಂತು ಅದೇ ಸಂಜೆ.
ಗುರುವಾರದ ಹೊತ್ತಿಗೆ ಅದು ಎರಡು ಪಕ್ಷವಾಗಿ ಒಡೆದು
ನಮ್ಮ ಅಂಗಡಿಯ ಮೆಟ್ಟಿಲು ಹತ್ತಿತು.

ಮೊದಲು ಬಂದವರು ಬಾಣಾವರದ ಮರುಳಪ್ಪನವರು.
ಹತ್ತಡಿಗೆ ಎಂಟಡಿ ಫ್ಲೆಕ್ಸು, ಅರ್ಜೆಂಟು.
'ಸಾಹೇಬರು ಎರಡು ವಿಮಾನ ಕಂಬಳಿ ಕಳಿಸಿದ್ದಾರೆ.
ಮೇಲೆ ಹಾಕಮ್ಮ: ಜಗದ ಕಣ್ಣೀರು ಒರೆಸಿದ ಕೈ.
ಕಣ್ಣಂಚಲ್ಲಿ ಒಂದು ಹನಿ ಇರಲಿ.
ಜಾಸ್ತಿ ಬೇಡ. ಒಂದೇ.'

ಹನಿ ಮಾಡುವುದು ಕಷ್ಟವಲ್ಲ.
ಹೋದ ಬೇಸಿಗೆಯ ಜಾಹೀರಾತಿನಲ್ಲಿ
ಎಳನೀರ ಬುರುಡೆಯ ಮೇಲೆ ಕೂತಿದ್ದ ಒಂದನ್ನು ಕಿತ್ತು
ಸಾಹೇಬರ ಎಡಗಣ್ಣಿಗಿಟ್ಟೆ.

ಟೀ ಆರುವ ಮೊದಲೇ ಜಾವಗಲ್ಲಿನ ದೊಡ್ಡಯ್ಯ.
ಅದೇ ಅಳತೆ, ಅದೇ ಸಾಹೇಬರು, ಅದೇ ಫೋಟೋ.
'ಪರದೇಶಕ್ಕೆ ಕಂಬಳಿ, ಸ್ವದೇಶಕ್ಕೆ ಚಳಿ ಅಂತ ದಪ್ಪಕ್ಷರ.
ಆಷಾಢದಲ್ಲಿ ಘಟ್ಟದ ಗುಡ್ಡ ಜರಿದಾಗ ಎಲ್ಲಿದ್ನಂತೆ ಈವಯ್ಯ?
ಬಾಯಿ ಸ್ವಲ್ಪ ಅಗಲಕ್ಕೆ ಎಳಿ,
ನಗ್ತಾ ಇರೋ ಹಾಗೆ ಕಾಣಲಿ.'
ಎಳೆದೆ. ನಕ್ಕರು.

ಆರು ವರ್ಷದ ಹಿಂದೆ ಇನ್ಯಾವುದೋ ದೇಶಕ್ಕೆ ನೀರು ನುಗ್ಗಿತ್ತು.
ಆಗ ಕುರ್ಚಿಯಲ್ಲಿದ್ದವರು ದೊಡ್ಡಯ್ಯನ ಕಡೆಯವರು.
ಹಳೆಯ ಫೋಲ್ಡರ್ ತೆರೆದರೆ
ಒರೆಸಿದ ಕೈ ದೊಡ್ಡಯ್ಯನದು, ಚಳಿ ಮರುಳಪ್ಪನವರದು.
ಅಕ್ಷರ ಹೊಸದಾಗಿ ಹೊಡೆಯಲೇ ಇಲ್ಲ ನಾನು,
ಬಣ್ಣ ಅದಲುಬದಲು ಮಾಡಿದೆ, ಅಷ್ಟೇ.

ಆ ದೇಶದ ಹೆಸರು ಮಾತ್ರ ಹಳೆಯದರಲ್ಲಿ ಇರಲಿಲ್ಲ.
ಮೊದಲಕ್ಷರಕ್ಕೆ ದೀರ್ಘ ಬೇಕೆಂದರು ಮರುಳಪ್ಪನವರು.
ದೊಡ್ಡಯ್ಯ ದೀರ್ಘ ತೆಗೆಸಿ ಕೊನೆಗೊಂದು ಒತ್ತು ಕೊಡಿಸಿದರು.
ಪೇಪರಿನಲ್ಲಿ ಮೂರನೆಯ ಥರ ಇತ್ತು.
ಸತ್ತವರ ಊರಿಗೆ ಮೂರು ಕಾಗುಣಿತ.
ಅಲ್ಲಿಂದ ಯಾರೂ ತಿದ್ದಿ ಕಳಿಸಲಿಲ್ಲ.

ಇಬ್ಬರಿಗೂ ಬೇಕಾದದ್ದು ಒಂದೇ ಮಗು,
ಕುಸಿದ ಮಹಡಿಯ ಮುಂದೆ ನಿಂತದ್ದು. ಐದು ವರ್ಷವಿದ್ದೀತು.
ಅಳುತ್ತಿರಲಿಲ್ಲ ಅದು.
ಅಳುತ್ತಿದೆ ಅಂತಲೇ ಇಬ್ಬರೂ ಅಂದುಕೊಂಡರು.
ಅಂಚು ಕತ್ತರಿಸಲು ಎಂಟು ಪಟ್ಟು ಹಿಗ್ಗಿಸಿದೆ.
ಅಂಗಿಯ ಮೇಲಿನ ಗುಂಡಿ ಎರಡನೇ ಕಾಜಕ್ಕೆ ಬಿದ್ದಿತ್ತು,
ಎರಡನೆಯದು ಮೂರನೆಯದಕ್ಕೆ, ಹಾಗೇ ಕೆಳಗಿನವರೆಗೂ ಸೊಟ್ಟ,
ಕೊನೆಯ ಗುಂಡಿಗೆ ಕಾಜವೇ ಇಲ್ಲ.

ತಾನೇ ಹಾಕಿಕೊಂಡದ್ದು.
ಅಥವಾ, ಹಾಕಿದವರ ಕೈಗೆ ಪುರುಸೊತ್ತಿರಲಿಲ್ಲ.

ಗೂಡ್ಸ್ ರೈಲೊಂದು ಜಂಕ್ಷನ್ನಿಗೆ ನುಗ್ಗಿತು.
ಮಾನಿಟರ್ ನಡುಗಿತು, ಟೀ ಲೋಟ ನಡುಗಿತು.
ದಿನಕ್ಕೆ ಹದಿನಾಲ್ಕು ಸಲ ನಡುಗುತ್ತದೆ ಇಲ್ಲಿ.
ಆವತ್ತು ಯಾಕೋ ಕೈ ತಾನೇ ಹೋಗಿ
ಪರದೆಯನ್ನು ಹಿಡಿದುಕೊಂಡಿತು.

ಹನಿ ಇಟ್ಟವಳಿಗೆ, ನಗು ಎಳೆದವಳಿಗೆ
ನಾಲ್ಕು ಗುಂಡಿ ಸರಿಪಡಿಸುವುದೇನು ಮಹಾ.
ಮೌಸಿನ ಮೇಲೆ ಬೆರಳಿಟ್ಟು ಕೂತೇ ಇದ್ದೆ.
ಅಷ್ಟರಲ್ಲಿ ಮರುಳಪ್ಪನವರ ಫೋನು:
ತಾಲ್ಲೂಕು ಘಟಕದ ಹನ್ನೊಂದು ಮುಖ ಹಿಡಿಸಬೇಕು,
ಮಗು ಕುತ್ತಿಗೆವರೆಗೆ ಸಾಕು.
ದೊಡ್ಡಯ್ಯನ ಕಡೆ ಹದಿನಾಲ್ಕು ಮುಖ.

ಶನಿವಾರ ಬಸ್‌ಸ್ಟ್ಯಾಂಡಿನ ಎದುರು ಎರಡೂ ಏರಿದವು,
ಅಳುವ ಸಾಹೇಬರು ನಗುವ ಸಾಹೇಬರನ್ನು ನೋಡುತ್ತ.
ಕೆಳಗೆ, ಮುಖಗಳ ಸಾಲಿನ ನೆತ್ತಿಯ ಮೇಲೆ
ಹಳೆಯ ಫೈಲಿನಿಂದ ಹಾಗೇ ಉಳಿದುಹೋದ ಎರಡು ಪದ:
ಶುಭ ಕೋರುವವರು.
ತಪ್ಪು ನನ್ನದೇ. ನಾಲ್ಕು ದಿನ ಯಾರೂ ಓದಲಿಲ್ಲ.
ಕೊಬ್ಬರಿ ಹರಾಜಿಗೆ ಬಂದ ಮುದುಕನೊಬ್ಬ
ಕತ್ತೆತ್ತಿ, 'ಯಾರ ಮದುವೆ ಮಗಾ?' ಅಂದದ್ದು ಬಿಟ್ಟರೆ.

ರಾತ್ರಿ ಇಮ್ತಿಯಾಜಣ್ಣ ಲೆಕ್ಕದ ಪುಸ್ತಕ ಬಿಚ್ಚಿದರು.
'ಇದಕ್ಕೆ ಏನಂತ ಬರೀಲಿ? ಹೆಸರು ಹೇಳು.'
ದೀರ್ಘವೋ ಒತ್ತೋ ನನಗೂ ಗೊತ್ತಿರಲಿಲ್ಲ.
ಭೂಕಂಪ ಒಂದು, ಭೂಕಂಪ ಎರಡು
ಅಂತ ಬರಕೊಳ್ಳಿ, ಅಂದೆ.
ಬರೆದರು. ಗುಣಿಸಿದರು.
ಒಂಬೈನೂರ ಅರವತ್ತು. ಒಂಬೈನೂರ ಅರವತ್ತು.
ಎರಡೂ ಬಾಕಿ.