ಕೇಳಿದ್ದು

ನೆತ್ತಿ ಸುಡುವ ಬಿಸಿಲು ಈ ದೇಶಕ್ಕೆ ಬರುವುದು
ವರ್ಷಕ್ಕೆ ನಾಲ್ಕೇ ದಿನ.
ನಾಲ್ಕನೆಯದರ ಸಂಜೆ
ಡಂಜನೆಸ್ಸಿನ ಉರುಟುಗಲ್ಲಿನ ದಂಡೆಗೆ
ಮಡಚುಕುರ್ಚಿ ಹೊತ್ತು ಬರುತ್ತೇವೆ ನಾವು ನಾಲ್ವರು.
ಈಜಲಿಕ್ಕಲ್ಲ, ಐಸ್‌ಕ್ರೀಮಿಗಲ್ಲ.
ಬೆನ್ನು ಊರಿಗೆ, ಮುಖ ಫ್ರಾನ್ಸಿಗೆ.

ಸ್ಪೇನಿನ ಬಯಲಲ್ಲಿ ಕಾದ ಗಾಳಿ
ಬೆಟ್ಟ ಹತ್ತಿ ಇಳಿದು, ದ್ರಾಕ್ಷಿತೋಟಗಳ ಮೇಲೆ ಬೆವರಿ
ಇತ್ತ ಹೊರಟಿದೆಯಂತೆ.
ಗ್ವೆಂಡಾ ಮೊಬೈಲಿನಲ್ಲಿ ರಾಡಾರ್ ನೋಡುತ್ತಾಳೆ
ಹಾಲು ಒಲೆಯ ಮೇಲಿಟ್ಟವಳ ಹಾಗೆ:
ಕಣ್ಣು ತೆಗೆದರೆ ಉಕ್ಕುತ್ತದೆ, ಕಾದು ಕೂತರೆ ಉಕ್ಕದು.
"ರುವಾನ್ ಹತ್ತಿರ ಕೆಂಪು," ಅನ್ನುತ್ತಾಳೆ. "ನಡುವೆ ಬಿಳಿ."
ಬಿಳಿಯೆಂದರೆ ಆಲಿಕಲ್ಲು.
ಯಾರೂ ಉಸಿರು ಬಿಡುವುದಿಲ್ಲ.

ಜೂನ್‌ನಲ್ಲೂ ಹೀಗೇ ಆಗಿತ್ತು.
ಕಡಲ ನಡುವಿಗೆ ಬಂದು, ನೀರು ತಣ್ಣಗಿದೆಯೆಂದು
ಮುನಿಸಿಕೊಂಡ ಮದುಮಗನ ಹಾಗೆ ಬಲಕ್ಕೆ ತಿರುಗಿ
ಹಾಲೆಂಡಿಗೆ ಹೋಯಿತು ದಿಬ್ಬಣ.
ನಮ್ಮ ಪಾಲಿಗೆ ಒಂದು ಮೋಡದ ಸೆರಗು,
ಕಾರಿನ ಗಾಜಿನ ಮೇಲೆ ಹನ್ನೊಂದು ಹನಿ.
ಎಣಿಸಿದವನು ರೂಫಸ್. ಹದಿನೇಳರ ಹುಡುಗ,
ಅವನಿಗೆ ಎಣಿಕೆಯೆಂದರೆ ಒಂದು ಬಗೆಯ ಸಿಟ್ಟು.
ಮರುದಿನ ಡಚ್ಚರು ತೆಗೆದ ಚಿತ್ರಗಳು ಬಂದವು,
ಗಾಳಿಗಿರಣಿಯ ಹಿಂದೆ ಕವಲೊಡೆದ ಬೆಂಕಿ.
ತಪ್ಪಿಹೋದ ಸಂಬಂಧದ ಮದುವೆಯ ಆಲ್ಬಮ್ಮಿನಂತೆ ತಿರುವಿ
ಚೆನ್ನಾಗಿದೆ, ಚೆನ್ನಾಗಿದೆ ಎಂದೆವು.

ನಾಲ್ಕನೆಯವನು ಟ್ಯಾಪ್ಸೆಲ್. ಬಸ್ ಡಿಪೋದಲ್ಲಿ
ಮೂವತ್ತೊಂಬತ್ತು ವರ್ಷ ಎಂಜಿನ್ ಬಿಚ್ಚಿ ಜೋಡಿಸಿ
ಕಿವಿಗಳನ್ನು ಅಲ್ಲೇ ಬಿಟ್ಟು ಬಂದವನು.
ಅವನದೊಂದು ನೀಲಿ ರಟ್ಟಿನ ಪುಸ್ತಕ.
ಬೇಸಿಗೆಗೊಂದು ಪುಟ, ಗುಡುಗಿನ ದಿನಕ್ಕೊಂದು ಗೀಟು.
ನಿಯಮ ಹಳೆಯದು, ಅವನಿಗಿಂತಲೂ:
ಮಿಂಚು ಕಂಡರೆ ಲೆಕ್ಕಕ್ಕಿಲ್ಲ.
ಗುಡುಗು ಕೇಳಬೇಕು.
ಈ ಪುಟ ಖಾಲಿ. ಹೋದ ಬೇಸಿಗೆಯದೂ ಖಾಲಿ.
ಹೋದ ಬೇಸಿಗೆ ಎರಡು ಸಲ ಗುಡುಗಿತ್ತು;
ನಾವು ಯಾರೂ ಹೇಳಲಿಲ್ಲ.

ಹತ್ತು ಗಂಟೆಗೆ ಗಾಳಿ ನಿಂತಿತು.
ಅಣುಸ್ಥಾವರದ ದೀಪಗಳು ಸೆಕೆಗೆ ಊದಿಕೊಂಡವು.
ಗ್ವೆಂಡಾಳ ಅಕ್ಕನ ಫೋನು, ಹೇಸ್ಟಿಂಗ್ಸಿನಿಂದ:
ಸಿಡಿಲು ಬಡಿದು ಟಿ.ವಿ. ಸುಟ್ಟಿದೆ, ನಾಯಿ ಮಂಚದಡಿ ಸೇರಿದೆ,
ಪಕ್ಕದ ಮನೆಯ ಚಿಮಣಿ ಅಂಗಳದಲ್ಲಿದೆ.
"ಅಯ್ಯೋ ಪಾಪ," ಅಂದಳು ಇವಳು.
ಆ ಪಾಪದ ತುಂಬ ಇದ್ದುದು ಹೊಟ್ಟೆಕಿಚ್ಚು.
ನಾಚಿಕೆಯಾಯಿತು ಎಲ್ಲರಿಗೂ,
ಆದರೂ ಕುರ್ಚಿಗಳನ್ನು ಹೇಸ್ಟಿಂಗ್ಸಿನತ್ತ ತಿರುಗಿಸಿಕೊಂಡೆವು.

ಆಗ ಮೊದಲನೆಯದು. ಪಡುವಣದ ಮೋಡ
ಒಳಗಿನಿಂದ ಹೊತ್ತಿ, ತನ್ನ ಎಲುಬು ತೋರಿಸಿ, ಆರಿತು.
ರೂಫಸ್ ಎಣಿಸಿದ. ಇಪ್ಪತ್ತು. ನಲವತ್ತು.
ಐವತ್ತೊಂದಕ್ಕೆ ಬಂತು:
ಯಾರೋ ಅಟ್ಟದಲ್ಲಿ ಪೆಟ್ಟಿಗೆ ಎಳೆದಂತೆ,
ಎಳೆದು, ಕೆಳಗೆ ಮಗು ಮಲಗಿರುವುದು ನೆನಪಾಗಿ, ನಿಲ್ಲಿಸಿದಂತೆ.

ಟ್ಯಾಪ್ಸೆಲ್ ಫ್ಲಾಸ್ಕಿನಿಂದ ಚಹಾ ಬಗ್ಗಿಸುತ್ತ
ಸಕ್ಕರೆ ಯಾರಿಗೆ ಬೇಡ ಎಂದು ಕೇಳುತ್ತಿದ್ದ.
ನಾವು ಮೂವರೂ
ಸಕ್ಕರೆಯ ಬಗ್ಗೆ ಮಾತಾಡಿದೆವು.

ಇನ್ನೊಂದು ಮಿಂಚು, ಹತ್ತಿರದ್ದು. ರೂಫಸ್ ಈ ಸಲ ಎಣಿಸಲಿಲ್ಲ.
ಎದ್ದು ಮುದುಕನ ಕೈ ಹಿಡಿದೆಳೆದು
ಮೀನುಗಾರರ ಹಳೆಯ ಶೆಡ್ಡಿನ ತಗಡಿಗೆ ಒತ್ತಿದ,
ಚುಚ್ಚುಮದ್ದಿಗೆ ಮಗುವಿನ ತೋಳು ಹಿಡಿವಂತೆ.
ಬೈಗುಳ. ಚೆಲ್ಲಿದ ಚಹಾ.
ಆಮೇಲೆ ತಗಡು ನಡುಗಿತು,
ತುಕ್ಕಿನ ಪುಡಿ ಅವನ ಅಂಗಿಯ ತೋಳಿಗೆ ಉದುರಿತು.
ಟ್ಯಾಪ್ಸೆಲ್ ಬೈಯುವುದು ನಿಲ್ಲಿಸಿ
ಆ ಅಂಗೈಯನ್ನೇ ನೋಡಿದ, ಬೇರೆ ಯಾರದೋ ಎಂಬಂತೆ.

ಮಳೆಯಂತೂ ಬರಲಿಲ್ಲ.
ಮೋಡ ನಮ್ಮನ್ನು ದಾಟಿ ಕಡಲಿಗೇ ಮರಳಿತು.
ಕಾರಿನೊಳಗಿನ ದೀಪದಡಿ ಪುಸ್ತಕ ತೆರೆದು
ಎಷ್ಟೋ ಹೊತ್ತು ಕೂತಿದ್ದ, ಪೆನ್ಸಿಲು ತುಟಿಗೆ ತಾಗಿಸಿ.
ನಿಯಮ ಹಳೆಯದು.
ಕೇಳಿತೇ ಎಂದು ನಾವು ಕೇಳಲಿಲ್ಲ.
ಕೊನೆಗೆ ಅವನು ಎಳೆದದ್ದು ಅರ್ಧ ಗೀಟು.
"ಉಳಿದರ್ಧ ಆಗಸ್ಟಿಗೆ," ಎಂದ,
ಸ್ವಲ್ಪ ಜೋರಾಗಿಯೇ, ಎಂದಿನಂತೆ.