ಮ್ಯಾಲಿನ ಮನಿ ನೀರು

ಜೋರಾಪುರ ಪೇಟಿಯೊಳಗ, ಮಾಳಿಗಿ ಮೆಟ್ಟಲದ ಕೆಳಗ
ನಂದೊಂದು ಇಸ್ತ್ರಿ ಟೇಬಲ್ಲು, ಒಂದು ಬಲ್ಬು.
ತಲಿ ಮ್ಯಾಲ ಮಮದಾಪುರ ಮೇಡಮ್ಮರ ಏಸಿ.
ಅದರ ಪೈಪು, ಮೂಗು ಸೋರೋ ಕೂಸಿನಂಗ,
ನನ್ನ ತಗಡಿನ ಮ್ಯಾಲ
ಟಪ್
ಎಷ್ಟೋ ಹೊತ್ತಿಗೆ ಮತ್ತ
ಟಪ್.

ಮೊದಲ ವರ್ಷ ಜಗಳಾನ ಆಡಿದೆ.
‘ನಿಮ್ಮ ತಂಪು ನಿಮಗಿರಲಿ,
ನನ್ನ ತಗಡು ಯಾಕ ತುಕ್ಕು ಹಿಡೀಬೇಕು?’
ಮೇಡಮ್ಮ ಕಿಡಕಿಯಾಗ ನಿಂತು ನಕ್ಕರು:
‘ಮಾನಂದಾ, ಒಂದು ಬಕೀಟ ಇಡವಾ.’
ಇಟ್ಟೆ. ಸಿಟ್ಟಿಲೇ ಇಟ್ಟದ್ದು,
ಹಿಡಿಕಿ ಮುರಿದ ಬಣ್ಣದ ಡಬ್ಬಿ.

ವಿಜಾಪುರದ ಬೋರಿನ ನೀರು ಕುಡದವರಿಗೆ ಗೊತ್ತು:
ಕೊಡದ ತಳಕ್ಕ ಸುಣ್ಣ,
ಬ್ಯಾಳಿ ಬೇಯೂದಿಲ್ಲ, ಸಾಬೂನು ನೊರಿ ಬಿಡೂದಿಲ್ಲ.
ಅದನ್ನ ಕುಡದ ನನ್ನ ಇಸ್ತ್ರಿಪೆಟ್ಟಿಗಿ
ತೂತೆಲ್ಲ ಕಟ್ಟಿಕೊಂಡು
ವಕೀಲರ ಕರೀ ಕೋಟಿನ ಮ್ಯಾಲ
ಪಾರಿವಾಳದಂಗ ಬೆಳ್ಳಗ ಹೇತಿತ್ತು.
ಕೋಟಿನ ರೊಕ್ಕ ನಾನ ಕಟ್ಟಿದೆ, ಮೂರು ಕಂತಿನಾಗ.

ಬ್ಯಾಟರಿ ಅಂಗಡಿ ದಸ್ತಗೀರ
ಅಂಗಿ ಒಯ್ಯಾಕ ಬಂದಾಂವ ಡಬ್ಬ್ಯಾಗ ಬೆರಳದ್ದಿದ.
ನಾಲಿಗಿಗೆ ಹಚ್ಚಿ, ಉಗುಳಿ,
‘ಇದಕ್ಕ ರುಚೀನ ಇಲ್ಲಲ್ಲ ಅಕ್ಕಾ!
ಇಂಥಾದ್ದನ್ನ ನಾ ಕ್ಯಾನಿನಾಗ ತುಂಬಿ ಮಾರ್ತೀನಿ.
ಕುಡೀಬ್ಯಾಡ. ಪೆಟ್ಟಿಗಿಗೆ ಹಾಕಿ ನೋಡು.’
ಹಾಕಿದೆ.
ಉಗಿ ಬಂತು ನೋಡ್ರಿ,
ಗಂಟಿ ಹೊಡದ ಮ್ಯಾಲ ಸಾಲಿ ಹುಡುಗ್ರು ಬಂದಂಗ.

ಬಾದಶಾಹನ ಕಾಲಕ್ಕ ತೊರವಿ ಕಡಿಂದ
ನೆಲದೊಳಗ ನೀರು ನಡಕೊಂತ ಬಂದು
ಗಂಜ್ ಹತ್ತಿ ಇಳೀತಿತ್ತಂತ, ನಮ್ಮ ಆಯಿ ಹೇಳ್ತಿದ್ದಳು.
ಈಗ ಗಂಜಿನ ನೆತ್ತಿಗೆ ಆಲದ ಸಸಿ.
ನನ್ನ ಪಾಲಿಗೆ ಬಂದದ್ದು
ಬೆರಳ ದಪ್ಪದ ಒಂದು ಪೈಪು.

ಒಂದು ಮಾತು ಮಾತ್ರ ಬಾಳ ದಿನ ತಿಳೀಲಿಲ್ಲ.
ಗಾಳಿ ಹಪ್ಪಳದಂಗ ಒಣಗಿದ ಏಪ್ರಿಲಿನಾಗ
ಏಸಿ ಹಗಲು ರಾತ್ರಿ ಹೊಡಕೊಂಡರೂ
ಡಬ್ಬಿ ಅರ್ಧಕ್ಕೂ ಬರೂದಿಲ್ಲ.
ರೋಹಿಣಿ ನಾಕು ಹನಿ ಉದುರಿಸಿದ ರಾತ್ರಿ
ನಸಿಕಿನ್ಯಾಗ ತುಂಬಿ ಚೆಲ್ಲಿರ್ತದ.
‘ಇದೂ ಇದ್ದವರಿಗೇ ಕೊಡ್ತದೇನೋ?’ ಅಂದೆ.
ರಿಪೇರಿ ಹುಡುಗ ನಿಚ್ಚಣಿಕಿ ಮ್ಯಾಲಿಂದ ಹೇಳಿದ:
‘ಇದು ನೀರು ಮಾಡೂದಿಲ್ರಿ,
ಗಾಳ್ಯಾಗ ಇದ್ದದ್ದನ್ನ ಹಿಂಡತದ, ಅಷ್ಟ.
ಖೋಲಿಯೊಳಗ ಮಂದಿ ಮಲಗಿದ್ದರ
ಅವರ ಉಸಿರಿನ ಹಸಿ ಸೈತ ಇದರಾಗ ಬರ್ತದ.’

ಉಸಿರು!
ಪೆಟ್ಟಿಗಿ ಕೈಯಾಗ ಹಿಡಕೊಂಡು ಸುಮ್ಮನ ನಿಂತೆ.
ಯಾರದೋ ಪತ್ರ ಒಡದು ಓದಿದಂಗಾತು.

ಆವತ್ತಿಂದ ಡಬ್ಬಿ ನನಗ ಸುದ್ದಿ ಹೇಳತದ.
ಮೇಡಮ್ಮರ ಅಕ್ಕನ ಮಗಳ ಮದಿವ್ಯಾಗ
ಒಂದ ಖೋಲಿಗೆ ಹನ್ನೊಂದು ಮಂದಿ ಉರುಳಿ,
ರಾತ್ರಿ ಎರಡು ಸಲ ಚೆಲ್ಲಿ ಬಂದೆ.
ಸರ್ ಪಡಸಾಲ್ಯಾಗ ಫ್ಯಾನಿನ ಕೆಳಗ ಮಲಗಿದ ವಾರ
ನೀರು ಒಂದು ಬೆರಳು ಕಮ್ಮಿ.
ಖರೇವಂದರ ಹಂಗ ಕಮ್ಮಿ ಆಗತದೋ ಇಲ್ಲೋ,
ನನಗ ಹಂಗ ಕಂಡಿತು.
ಯಾರ ಮುಂದೂ ಬಾಯಿ ಬಿಡಲಿಲ್ಲ.

ಈ ಸಲ ಸರ್‌ಗೆ ಇಂಡಿಗೆ ವರ್ಗ.
ಸೋಮವಾರ ಎಂಟರ ಬಸ್ಸಿಗೆ ಹೋದರ ಶನಿವಾರ ಸಂಜಿಗೆ.
ಸಾಬೂನಿನ ವಾಸನಿ ಹೊತ್ತು ಅವರ ಐದು ಅಂಗಿ
ಆಯ್ತವಾರ ನನ್ನ ಟೇಬಲ್ಲಿಗೆ ಬರ್ತಾವ.
ನಾನೂ ಒಂದು ಚಟಾ ಹಚ್ಚಿಕೊಂಡೀನಿ.
ಮೇಡಮ್ಮ ಒಬ್ಬರ ಮಲಗಿದ ರಾತ್ರಿಗಳ ನೀರು
ಬ್ಯಾರೆ ಬಾಟಲಿಗೆ ತುಂಬಿ
ಆ ಅಂಗಿಗಳಿಗೇ ಹಾಕ್ತೀನಿ.
ಕಾಲರಿಗೆ, ತೋಳಿಗೆ, ಎದಿ ಕಿಸೆಕ್ಕ
ಉಸ್ ಅಂತದ ಪೆಟ್ಟಿಗಿ.
ಎರಡನೇ ಗುಂಡಿ ಸಡ್ಲ ಇತ್ತು. ಹೊಲದೆ.

ಮೇಡಮ್ಮ ರೊಕ್ಕ ಎಣಿಸ್ತಾ ಚ್ಯಾಷ್ಟಿ ಮಾಡಿದರು:
‘ನೀರಿಗೆ ನನಗೆಷ್ಟು ಮುರಕೋತಿ, ಮಾನಂದಾ?’
‘ಅದು ನಿಮ್ಮ ಮನೀಗೇ ಹೊಳ್ಳಿ ಬರ್ತದ್ರಿ,’ ಅಂದೆ.
ಅವರಿಗೆ ತಿಳೀಲಿಲ್ಲ.
ಮಡಚಿದ ಅಂಗಿ ಇನ್ನೂ ಬೆಚ್ಚಗಿದ್ದವು,
ಎದಿಗವಚಿಕೊಂಡು ಮೆಟ್ಟಲ ಹತ್ತಿದರು.