ದಾರ ಕಟ್ಟಿದ ದರ

ಚೌಕಿಪೇಟೆಯ ಓಣಿಯಲ್ಲಿ ಮುರಿಗೆಪ್ಪನವರ ಪ್ರೆಸ್ಸು.
ಹದಿನೈದು ತುಂಬುವ ಮೊದಲೇ ಸೇರಿದೆ, ಮೊಳೆ ಬಿಚ್ಚುವ ಕೆಲಸಕ್ಕೆ.
ಸಂಜೆ ಪೇಪರು ಅಚ್ಚಾದ ಮೇಲೆ
ಸೀಮೆಎಣ್ಣೆಯಲ್ಲಿ ತೊಳೆದ ಸುದ್ದಿಯನ್ನು
ಅಕ್ಷರ ಅಕ್ಷರವಾಗಿ ಅದರದರ ಗೂಡಿಗೆ ಹಾಕುವುದು.
ಸತ್ತವರ ಕಕಾರ, ಗೆದ್ದವರ ಕಕಾರ, ಎರಡೂ ಒಂದೇ ಗೂಡಿಗೆ.

"ಇದೊಂದು ಬಿಚ್ಚಬೇಡ" ಅಂದಿದ್ದರು ಚಮನ್ ಸಾಬರು.
ನಾಲ್ಕನೇ ಪುಟದ ಮೂಲೆಗೆ ದಿನಾ ಕೂರುವ ಚೌಕ,
ಮಸಿ ಕುಡಿದು ಕಪ್ಪಾದ ದಾರದಲ್ಲಿ ಬಿಗಿದದ್ದು:

ಡಾಲರಿಗೆ ೪.೭೬
ಪೌಂಡಿಗೆ ೧೩.೩೩

ಮೇಲೆ ಹತ್ತಿಯ ಧಾರಣೆ, ಕೆಳಗೆ ಶೇಂಗಾ;
ಅವು ದಿನಕ್ಕೊಂದು ಮಾತಿನವು.
ಇದು ಮಾತ್ರ ಆಣೆ ಹೋಗಿ ಪೈಸೆ ಬಂದ ವರ್ಷ
ಸಾಬರೇ ಹಾಕಿದ ಗಂಟು.
ಆ ಸಣ್ಣ ಅಳತೆಯಲ್ಲಿ ನಮ್ಮಲ್ಲಿ ಇದ್ದದ್ದೇ ಮೂರು 'ಮೂರು'.
ಮೂರೂ ಪೌಂಡಿನ ಹತ್ತಿರ ಅಡ.
ಮೂರು, ಹದಿಮೂರು, ಇಪ್ಪತ್ತಮೂರನೇ ತಾರೀಖಿನ ಮದುವೆಗಳು
ಪೂರಾ ಅಕ್ಷರದಲ್ಲೇ ಆಗಬೇಕಿತ್ತು.

ಸೀಸದಲ್ಲಿ ಎಲ್ಲವೂ ತಿರುಗಾಮುರುಗ.
ಆ ಕಡೆಯಿಂದ ಓದಿದರೆ ಏನಿರುತ್ತೆ, ಕೇಳಿದ್ದೆ ಒಮ್ಮೆ.
"ನಮ್ಮ ರೂಪಾಯಿಗೆ ಅವರ ಇಪ್ಪತ್ತೊಂದು ಸೆಂಟು.
ಮೊಳೆ ಅದೇ ಮಗಾ, ಓದೋನು ನಿಂತ ಕಡೆ ಬೇರೆ."

ಅರವತ್ತಾರರ ಜೂನು. ಭಾನುವಾರ ರಾತ್ರಿ
ರೇಡಿಯೋ ಏನು ಹೇಳಿತೋ; ನಮ್ಮನೆಯಲ್ಲಿ ರೇಡಿಯೋ ಇರಲಿಲ್ಲ.
ಸೋಮವಾರ ನಾನು ಬರುವಷ್ಟರಲ್ಲಿ
ಸಾಬರು ಗಂಟಿನ ಮುಂದೆ ಕೂತಿದ್ದರು.
ಉಗುರಿಗೆ ಜಗ್ಗಲಿಲ್ಲ. ಹಲ್ಲಿಗೆ ಬಿಡಲಿಲ್ಲ.
ಕೊನೆಗೆ ಮುರಿಗೆಪ್ಪನವರ ಗಡ್ಡದ ಬ್ಲೇಡು.
"ದಾರದ ದೀರ್ಘ ಕಿತ್ತರೆ ಉಳಿಯೋದು ದರ" ಎಂದು ಅವರೊಬ್ಬರೇ ನಕ್ಕರು.
ಕಟ್ಟು ಕಡಿದಾಗ ಸದ್ದೇ ಆಗಲಿಲ್ಲ.
ಅಂಕಿಗಳು ಮಾತ್ರ ಒಂದರ ಹೆಗಲಿಗೊಂದು ವಾಲಿದವು,
ರಾತ್ರಿ ಬಸ್ಸಿನಲ್ಲಿ ನಿದ್ದೆ ಹೋದವರ ಹಾಗೆ.

ನಾಲ್ಕನ್ನೂ ಆರನ್ನೂ ನನ್ನ ಅಂಗೈಗೆ ಹಾಕಿದರು.
"ಏಳು ಇಲ್ಲೇ ಇರಲಿ."
ಚುಕ್ಕಿಯ ಆಚೆ ಪೈಸೆಯಾಗಿದ್ದ ಏಳು
ಹೊಸಿಲು ದಾಟಿ ಈಚೆ ಬಂದು ರೂಪಾಯಿಯಾಯಿತು.

೭.೫೦
ಅದರಡಿ ೨೧.೦೦

ಸಂಜೆ ಮಿಲ್ಲಿನ ಲೆಕ್ಕದ ಪ್ರಹ್ಲಾದರಾಯರು
ಸೈಕಲ್ಲನ್ನು ಗೋಡೆಗೆ ಒರಗಿಸದೆ ಒಳಗೇ ತಂದರು.
ಹಡಗಿನಲ್ಲಿದ್ದವು ಅವರ ಕದಿರುಗಳು, ಬಿಲ್ಲು ಪೌಂಡಿನಲ್ಲಿ.
ರೇಡಿಯೋ ಕೇಳಿದ್ದರು, ಎಲ್ಲ ಗೊತ್ತಿತ್ತು. ಆದರೂ
"ಅಚ್ಚಿನ ತಪ್ಪು ಅಂತ ಹೇಳು ಸಾಬಾ."
ಚಮನ್ ಸಾಬರು ಕೈ ಒರೆಸಿಕೊಂಡರು.
"ನನ್ನ ತಪ್ಪುಗಳಿಗೆ ಇಷ್ಟು ಧೈರ್ಯ ಎಲ್ಲಿ ರಾಯರೇ."

ಆವತ್ತು ಮಂಡಕ್ಕಿ ಅಂಗಡಿಯ ಪಾವು ಪಾವೇ ಆಗಿತ್ತು.
ನನ್ನ ಸಂಬಳ ಮೂವತ್ತೈದು ಮೂವತ್ತೈದೇ.
ದೀಪಾವಳಿ ಹೊತ್ತಿಗೆ ಪಾವಿನ ತಳ
ಒಂಚೂರು ಮೇಲೆದ್ದಿತ್ತು.

ನಾನು ಕಣ್ಣಾರೆ ಕಂಡ ಲಾಭ ಒಂದೇ:
ಬಿಡುಗಡೆಯಾದ ಮೂರು 'ಮೂರು'.
ಹದಡಿಯ ಯಾರೋ ಹುಡುಗಿಯ ಲಗ್ನಪತ್ರಿಕೆಯಲ್ಲಿ
೧೩ ಅಂಕಿಯಲ್ಲೇ ಬಂತು. ಎರಡು ಸಲ ಓದಿದೆ, ನನ್ನದೇ ಮದುವೆಯೇನೋ ಎಂಬಂತೆ.

ಆಮೇಲೆ ಆ ಚೌಕಕ್ಕೆ ಯಾರೂ ಗಂಟು ಹಾಕಲಿಲ್ಲ.
ತೊಂಬತ್ತೊಂದರ ಜುಲೈನಲ್ಲಿ ಮೂರು ದಿನಕ್ಕೆ ಎರಡು ಸಲ ಬಿಚ್ಚಿ ಜೋಡಿಸಿದ್ದು ನಾನೇ;
ಸಾಬರು ಹೋಗಿ ಎರಡು ಉರುಸು ಕಳೆದಿತ್ತು.
ಪ್ರೆಸ್ಸು ಮುಚ್ಚಿದಾಗ ಗುಜರಿಯವನು ಗೂಡುಗಳನ್ನೆಲ್ಲ ಗೋಣಿಗೆ ಸುರಿದು ತೂಗಿದ.
ಏಳಕ್ಕೂ ಸೊನ್ನೆಗೂ ಒಂದೇ ದರ.
ಚೌಕಾಸಿ ಮಾಡಿದೆ; ಕಿಲೋಗೆ ಎಂಟಾಣೆ ಏರಿಸಿದ.

ಈಗ ಪೀಜೆ ಬಡಾವಣೆಯ ಬ್ಯಾಂಕಿನಲ್ಲಿ
ಪಿಂಚಣಿಗೆ ಕೂತರೆ ಎದುರು ಕೆಂಪು ಅಂಕಿಗಳು,
ನೋಡನೋಡುತ್ತ ತಾವೇ ಬದಲಾಗುತ್ತವೆ.
ಯಾರೂ ಮುಟ್ಟಬೇಕಿಲ್ಲ.
ನನ್ನ ಹೆಬ್ಬೆರಳು ಮಾತ್ರ ಸೆರಗಿನಡಿಯಲ್ಲಿ
ಮೊಳೆಯ ಬೆನ್ನಿನ ಗೀರು ಹುಡುಕುತ್ತದೆ,
ಯಾವುದು ಮೇಲು, ಯಾವುದು ಕೆಳಗು ಎಂದು.